ಎಡಗಾಲಿನ ಹಿಮ್ಮಡಿ

ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಕೌಂಟರಿನ ಮೇಲೆ ಮುರಿದ ಬೇರಿಂಗ್ ಇಟ್ಟ ಮುದುಕ ರೈತ, ಇಂಥದ್ದೇ ಇನ್ನೊಂದು ಕೊಡು ಎನ್ನುವುದು ಬಿಟ್ಟು, "ಅಂತೂ ನಮ್ಮೋನೊಬ್ಬ ಬಂದ ನೋಡು!" ಎಂದ. ಅದು ತನ್ನನ್ನು ಕುರಿತ ಮಾತಲ್ಲ ಎಂದು ಮೈರನ್ ಪಾವ್ಲಿಕ್‌ಗೆ ಒಡನೆ ತಿಳಿಯಿತು. ತಿಳಿದರೂ ಮುಖದ ಮೇಲೆ ನಗು ತಾನಾಗಿ ಬಂದು ಕೂತಿತ್ತು. ಹತ್ತು ವರ್ಷದಿಂದ ಸಸ್ಕಟೂನ್ ಹಾರ್ವೆಸ್ಟರ್ಸ್ ಫುಟ್‌ಬಾಲ್ ತಂಡದಲ್ಲಿರುವವನಿಗೆ ಗಿರಾಕಿಗಳೆದುರು ತಂಡದ ಮಾತು ಬಂದಾಗಲೆಲ್ಲ ಬರುವ ನಗು. "ಎಷ್ಟ್ ವರ್ಷ ಅಮೆರಿಕದಿಂದ್ಲೇ ಹುಡುಗರನ್ನ ತಂದು ತಂದು ಕ್ವಾರ್ಟರ್‌ಬ್ಯಾಕ್ ಮಾಡಿದ್ರು! ನಮ್ ಕೆನಡಾ ಹುಡುಗರಿಗೇನು ಕೈಯಿಲ್ವಾ? ಈ ಕೆಂಟ್ ಫ್ರೀಸನ್ ನಮ್ ಕಡೆಯೋನೇ ಕಣಯ್ಯಾ, ರಾಸ್ತರ್ನ್‌ನೋನು. ಅವರಪ್ಪನ ಹೊಲಕ್ಕೂ ನಮ್ ಹೊಲಕ್ಕೂ ಆರೇ ಮೈಲಿ." ಮೈರನ್ ಬೇರಿಂಗನ್ನು ಎತ್ತಿ ಬೆಳಕಿಗೆ ಹಿಡಿದು, ಅಂಚಿನ ಸಂಖ್ಯೆ ಓದುವವನಂತೆ ಕಣ್ಣು ಕಿರಿದು ಮಾಡಿ, "ಒಳ್ಳೇ ಹುಡುಗ," ಎಂದ. "ನೀನು ಅವನ ಜೊತೇಲೇ ಇರ್ತೀಯಲ್ಲ? ನೀನೂ ಆಡ್ತೀಯೇನು ಈಗ್ಲೂ?" ಕೇಳಿದ್ದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು, ತಿರುಗಿಸಿ ಒಂದು ಮಾತು ಹೇಳಬಹುದಿತ್ತು. ಮೈರನ್ ಹಿಂದಿನ ಕಪಾಟುಗಳ ಕಡೆ ಹೋಗಿ, ಬೇಕಾದ ಡಬ್ಬಿ ಕಣ್ಣೆದುರೇ ಇದ್ದರೂ ಮುಟ್ಟದೆ ಸ್ವಲ್ಪ ಹೊತ್ತು ನಿಂತ. ಎಡಗಾಲಿನ ಹಿಮ್ಮಡಿ, ಎಂದುಕೊಂಡ. ಈ ಮುದುಕನಿಗೆ ಗೊತ್ತಿಲ್ಲ, ಊರಿಗೆ ಗೊತ್ತಿಲ್ಲ, ಆ ಹುಡುಗನಿಗೇ ಗೊತ್ತಿಲ್ಲ. ತನಗೆ ಗೊತ್ತು. ಹಾಗೆ ಅಂದುಕೊಂಡ ಕೂಡಲೇ ಹೊಟ್ಟೆಯೊಳಗಿನ ಉರಿ ಸ್ವಲ್ಪ ತಣಿಯಿತು. ತಣಿದದ್ದಕ್ಕೆ ನಾಚಿಕೆಯೂ ಆಯಿತು. ಡಬ್ಬಿ ತೆಗೆದುಕೊಂಡು ಹೋಗಿ ಕೊಟ್ಟ.

ಕ್ವಾರ್ಟರ್‌ಬ್ಯಾಕ್‌ನ ಕೆಲಸ, ಕಾಲಿನಿಂದಲ್ಲ ಕೈಯಿಂದ ಆಡುವ ಈ ಫುಟ್‌ಬಾಲಿನಲ್ಲಿ, ಹೊರಗಿನಿಂದ ನೋಡುವವರಿಗೆ ಬಲು ಸುಲಭ. ಮುಂದೆ ಬಗ್ಗಿ ನಿಂತವನು ಕಾಲುಗಳ ನಡುವಿನಿಂದ ಕೊಡುವ ಚೆಂಡನ್ನು ತೆಗೆದುಕೊಂಡು, ಒಂದೋ ದೂರದಲ್ಲಿ ಓಡುತ್ತಿರುವವನಿಗೆ ಎಸೆಯಬೇಕು, ಇಲ್ಲವೇ ಪಕ್ಕದಲ್ಲಿ ಓಡಿಬರುವವನ ಹೊಟ್ಟೆಗೆ ತುರುಕಬೇಕು. ಎಸೆತವೋ ಓಟವೋ ಎಂದು ಎದುರಾಳಿಗೆ ಕೊನೆಯ ಗಳಿಗೆಯವರೆಗೂ ತಿಳಿಯಬಾರದು. ಇಡೀ ಆಟ ನಿಂತಿರುವುದೇ ಆ ಗುಟ್ಟಿನ ಮೇಲೆ. ಕೆಂಟ್ ಎಸೆಯುವುದಿದ್ದಾಗ ಚೆಂಡು ಕೈಗೆ ಬರುವ ಮುಂಚೆಯೇ ಎಡಗಾಲಿನ ಹಿಮ್ಮಡಿಯನ್ನು ನೆಲದಿಂದ ಒಂದು ಬೆರಳಷ್ಟು ಎತ್ತುತ್ತಿದ್ದ. ಓಟವಿದ್ದಾಗ ಎರಡು ಪಾದವೂ ಊರಿರುತ್ತಿದ್ದವು. ಇದು ಮೈರನ್‌ನ ಕಣ್ಣಿಗೆ ಬಿದ್ದದ್ದು ಆಗಸ್ಟ್ ಕೊನೆಯ ಒಂದು ಮಂಗಳವಾರ ಸಂಜೆ, ಸ್ಟೇಡಿಯಂ ಮೆಟ್ಟಿಲುಗಳ ಕೆಳಗಿನ ಕೋಣೆಯಲ್ಲಿ. ಅಂಗಡಿ ಮುಚ್ಚಿ ಬಂದು, ಬೆವರು ಮತ್ತು ನೋವಿನ ಎಣ್ಣೆಯ ವಾಸನೆ ಹೋಗದ ಆ ಕೋಣೆಯಲ್ಲಿ ಹಿಂದಿನ ಪಂದ್ಯದ ಫಿಲಂ ಓಡಿಸಿ, ಪ್ರತಿ ಆಟವನ್ನೂ ಕಾಗದದ ಮೇಲೆ ಬರೆದಿಡುವುದು ಮೈರನ್‌ನಂತೆ ಬದಲಿಯಾಗಿ ಕಾಯುವ ಎರಡನೇ ಕ್ವಾರ್ಟರ್‌ಬ್ಯಾಕ್‌ನ ಕೆಲಸ. ಆಡುವವನಿಗೆ ತನ್ನ ಬೆನ್ನು ಕಾಣುವುದಿಲ್ಲವಲ್ಲ, ಅದನ್ನು ನೋಡಿ ಹೇಳುವುದಕ್ಕೇ ಇನ್ನೊಬ್ಬನಿರುತ್ತಾನೆ. ಹೊಸಬನ ತಪ್ಪುಗಳನ್ನು ಹುಡುಕಲೆಂದೇ, ಯಾರೂ ಕೇಳದಿದ್ದರೂ, ಮೈರನ್ ಆ ಫಿಲಂ ಹಿಂದಕ್ಕೂ ಮುಂದಕ್ಕೂ ಹತ್ತು ಹನ್ನೆರಡು ಸಲ ಓಡಿಸಿದ್ದ. ಹಿಮ್ಮಡಿ ಏಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಕಾಗದದ ಮೇಲೆ 'ಎಡ' ಎಂದು ಬರೆದ ಪೆನ್ಸಿಲ್ ಅಲ್ಲಿಗೇ ನಿಂತಿತು. ಆಮೇಲೆ ಅದನ್ನು ರಬ್ಬರಿನಿಂದ ಉಜ್ಜಿ, ಪುಡಿಯನ್ನು ಊದಿ, ಪ್ರೊಜೆಕ್ಟರ್ ಆರಿಸಿ ಮನೆಗೆ ಹೋಗಿ ಹೊಟ್ಟೆತುಂಬ ಊಟ ಮಾಡಿದ.

ಈ ಹೊಟ್ಟೆಕಿಚ್ಚಿಗೆ ಒಂದು ನೆಪವಾದರೂ ಬೇಕಲ್ಲ, ಆ ನೆಪವನ್ನೇ ಹುಡುಗ ಕಸಿದುಕೊಂಡಿದ್ದ. ಹತ್ತು ವರ್ಷ ಮೈರನ್ ಎಲ್ಲರಿಗೂ ಒಂದೇ ಮಾತು ಹೇಳಿಕೊಂಡು ಬಂದಿದ್ದ: ಕೆನಡಾದವನಿಗೆ ಇಲ್ಲಿ ಆ ಜಾಗ ಕೊಡುವುದಿಲ್ಲ. ಮದುವೆ ಮನೆಗಳಲ್ಲಿ, ಕರ್ಲಿಂಗ್ ಆಡುವಲ್ಲಿ, ಚರ್ಚಿನ ನೆಲಮಾಳಿಗೆಯ ಊಟಗಳಲ್ಲಿ ಯಾರಾದರೂ "ಯಾವಾಗಪ್ಪಾ ನಿನ್ನ ಸರದಿ?" ಎಂದರೆ, ಹೆಗಲು ಕುಣಿಸಿ, "ನಾನು ಟೆಕ್ಸಸ್‌ನಲ್ಲಿ ಹುಟ್ಬೇಕಿತ್ತು," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ಹೌದೆಂದು ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆ ಅವನಿಗೆ ಸಂಬಳಕ್ಕಿಂತ ಹೆಚ್ಚಾಗಿತ್ತು. ಈ ವರ್ಷ ಆಗಸ್ಟಿನಲ್ಲಿ ಅಮೆರಿಕದವನ ಮೊಣಕಾಲು ಹೋಯಿತು. ಕೋಚ್ ಹ್ಯಾಲೊರನ್ ಮಾರನೆಯ ದಿನ ಮೈರನ್‌ಗೆ, "ಶುಕ್ರವಾರ ಬಾ, ಮಾತಾಡೋದಿದೆ," ಎಂದಷ್ಟೇ ಹೇಳಿದ. ಅಷ್ಟಕ್ಕೇ ಮೈರನ್ ಅಪ್ಪನಿಗೆ ಫೋನ್ ಮಾಡಿ, "ಶನಿವಾರ ಬಾ ಅಪ್ಪ, ನೋಡೋ ಹಾಗಿರತ್ತೆ," ಎಂದುಬಿಟ್ಟಿದ್ದ. ಶುಕ್ರವಾರ ಕೋಚ್ ಮೇಜಿನ ಮೇಲೆ ಕಾಲು ಹಾಕಿಕೊಂಡು, "ಹುಡುಗನ್ನ ಮೈದಾನಕ್ಕಿಳಿಸ್ತಿದೀನಿ ಪಾವ್ಲಿಕ್. ಅವನಿಗೆ ಕಲಿಸು. ನಿನ್ನಷ್ಟು ಆಟ ನೋಡಿರೋರು ಯಾರಿದಾರೆ?" ಎಂದ. ಆಡಿರೋರು ಅನ್ನಲಿಲ್ಲ, ನೋಡಿರೋರು ಅಂದ. ಶನಿವಾರ ಅಪ್ಪ ಎರಡು ಗಂಟೆ ಗಾಡಿ ಓಡಿಸಿಕೊಂಡು, ಚಿಕ್ಕಪ್ಪನನ್ನೂ ಅತ್ತೆಯರನ್ನೂ ತುಂಬಿಕೊಂಡು ಬಂದು, ಒಂದು ಸಾಲು ಪೂರ್ತಿ ಕೂತು, ಮಗ ಕೈಯಲ್ಲಿ ಆಟ ಗುರುತು ಹಾಕುವ ರಟ್ಟು ಹಿಡಿದು ಮೈದಾನದ ಗೆರೆಯಾಚೆ ನಿಂತದ್ದನ್ನು ಮೂರು ಗಂಟೆ ನೋಡಿದ. ಹೊರಡುವಾಗ ಕಾರಿನ ಕಿಟಕಿ ಇಳಿಸಿ, "ಬಟ್ಟೆಯೇನೂ ಕೊಳೆ ಆಗ್ಲಿಲ್ಲ ಬಿಡು, ನಿನ್ನ ಹೆಂಡ್ತಿಗೆ ಒಗೆಯೋ ಕೆಲಸ ಇಲ್ಲ," ಎಂದ. ಸಮಾಧಾನಕ್ಕೆಂದೇ ಹೇಳಿದ್ದ, ಪಾಪ. ಕೊಟ್ಟರು ಕೊನೆಗೂ ಕೆನಡಾದವನಿಗೆ ಆ ಜಾಗ. ಅವನಿಗೆ ಕೊಟ್ಟರು. ಹಾಗಾದರೆ ಹತ್ತು ವರ್ಷ ಅಡ್ಡ ಬಂದದ್ದು ಹುಟ್ಟಿದ ಊರಲ್ಲ ಎಂದಾಯಿತು.

ಹುಡುಗ ಕೆಟ್ಟವನಾಗಿದ್ದರೆ ದ್ವೇಷಿಸುವುದಾದರೂ ಸಲೀಸಾಗುತ್ತಿತ್ತು. ಇಪ್ಪತ್ತಮೂರು ವರ್ಷ, ದೈವಭಕ್ತ ಮೆನನೈಟ್ ಕ್ರೈಸ್ತರ ಮನೆಯ ಮಗ, ಊಟಕ್ಕೆ ಮುಂಚೆ ಕಣ್ಣು ಮುಚ್ಚುತ್ತಿದ್ದ, ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ. ಜೂನ್‌ನಲ್ಲಿ ಬಂದ ಮೊದಲ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೈ ಚಾಚಿ, "ನಮಸ್ಕಾರ ಮಿಸ್ಟರ್ ಪಾವ್ಲಿಕ್. ನಾನು ಎಂಟನೇ ಕ್ಲಾಸಲ್ಲಿದ್ದಾಗಿಂದ ನಿಮ್ಮನ್ನ ನೋಡ್ತಿದೀನಿ," ಎಂದಿದ್ದ. ಇಡೀ ಕೋಣೆ ಗೊಳ್ಳೆಂದು ನಕ್ಕಿತು. "ಮಿಸ್ಟರ್ ಪಾವ್ಲಿಕ್ ಅವರೇ, ತಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕಲಾ?" ಎಂದು ಬಗ್ಗಿ ನಿಂತು ಚೆಂಡು ಕೊಡುವ ಸೆಂಟರ್ ಡೆನಿಸ್ ವಾರಗಟ್ಟಲೆ ಆಡಿಕೊಂಡ. ಮೂವತ್ತಮೂರಕ್ಕೇ ಮೈರನ್ ಯಾರದೋ ಬಾಲ್ಯದ ನೆನಪಾಗಿದ್ದ. ಈಗ ಪ್ರತಿ ಪಂದ್ಯದಲ್ಲೂ ಅವನು ಆ ಹುಡುಗನಿಗೆ ಕೈಸನ್ನೆ ಮಾಡಬೇಕು. ಕೋಚ್ ಕಿವಿಯಲ್ಲಿ ಹೇಳಿದ ಆಟವನ್ನು ಮೈರನ್ ಗೆರೆಯಾಚೆ ನಿಂತು ತೋರಿಸುತ್ತಾನೆ: ಎದೆ ಮುಟ್ಟಿದರೆ ಓಟ, ತಲೆ ಮುಟ್ಟಿದರೆ ಎಸೆತ, ಬೆರಳುಗಳು ಎತ್ತ, ಎಷ್ಟು ದೂರ ಎಂದು. ಅವನ ಅಕ್ಕಪಕ್ಕ ಇನ್ನಿಬ್ಬರು ಸುಮ್ಮನೆ ಕೈ ಕುಣಿಸುತ್ತಿರುತ್ತಾರೆ, ಎದುರಾಳಿಗೆ ಗೊಂದಲವಾಗಲೆಂದು. ಮೂವರಲ್ಲಿ ನಿಜ ಹೇಳುವವನು ಯಾರೆಂದು ಮೈದಾನದ ಮಧ್ಯೆ ನಿಂತವನೊಬ್ಬನಿಗೇ ಗೊತ್ತು. ಕೆಂಟ್ ಪ್ರತಿ ಸಲವೂ ಮೈರನ್‌ನ ಕೈಗಳನ್ನು ಒಂದು ಚೂರೂ ಅನುಮಾನವಿಲ್ಲದೆ ನೋಡುತ್ತಿದ್ದ. ಆಮೇಲೆ ಹೋಗಿ ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದ.

ಅಕ್ಟೋಬರಿನ ಒಂದು ಭಾನುವಾರ ಮೈರನ್‌ನ ಹೆಂಡತಿ ಲ್ಯೂಬಾ ಹುಡುಗನನ್ನು ಊಟಕ್ಕೆ ಕರೆದಳು. ಬೇಡವೆನ್ನಲು ಮೈರನ್‌ಗೆ ಕಾರಣ ಸಿಗಲಿಲ್ಲ. ಚಳಿಗಾಲಕ್ಕೆಂದು ಹೊರಗಿನಿಂದ ಹಾಕುವ ಎರಡನೇ ಕಿಟಕಿಗಳನ್ನು ಇನ್ನೂ ಹಾಕಿರಲಿಲ್ಲ, ಮೂರು ವಾರದಿಂದ ಲ್ಯೂಬಾ ಹೇಳುತ್ತಲೇ ಇದ್ದಳು; ಹುಡುಗ ಕೋಟು ತೆಗೆದವನೇ ಏಣಿ ಹತ್ತಿ ಎಂಟು ಕಿಟಕಿ ಹಾಕಿ ಇಳಿದ. "ನೋಡು ಮೈರನ್, ಹೇಳಿಸ್ಕೊಳ್ದೇನೆ ಮಾಡೋದು ಅಂದ್ರೆ ಇದು," ಎಂದು ಲ್ಯೂಬಾ ಹುಡುಗನ ತಟ್ಟೆಗೆ ಮತ್ತೆ ಆರು ಪೆರೋಗಿ ಕಡುಬು ಬಡಿಸಿ, ಮೇಲೆ ಹುರಿದ ಈರುಳ್ಳಿ ಸುರಿದಳು. ತನ್ನ ಹೆಂಡತಿ ಇನ್ನೊಬ್ಬನ ಹಸಿವಿಗೆ ಹೀಗೆ ಅರಳುವುದನ್ನು ನೋಡುತ್ತ ಮೈರನ್ ಬೀಟ್‌ರೂಟ್ ಸಾರಿನಲ್ಲಿ ಚಮಚ ಆಡಿಸುತ್ತಿದ್ದ. ಅವಳು ಹಿಂದೊಮ್ಮೆ ತನಗೂ ಹೀಗೆ ಬಡಿಸುತ್ತಿದ್ದಳೇ, ಅಥವಾ ತಾನು ಹೀಗೆ ತಿನ್ನುತ್ತಿರಲಿಲ್ಲವೇ? ಅವಳು ಒಳಗೆ ಹೋದಾಗ ಕೆಂಟ್ ತಗ್ಗಿದ ದನಿಯಲ್ಲಿ, "ಪಾವ್ಲಿ, ನಾನು ಆಡೋದ್ರಲ್ಲಿ ತಪ್ಪೇನಾದ್ರೂ ಕಂಡ್ರೆ ಹೇಳ್ಬೇಕು ನೀವು. ಕೋಚ್ ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ ಅಷ್ಟೆ. ಫಿಲಂ ಸರಿಯಾಗಿ ನೋಡೋರು ನೀವೊಬ್ರೇ," ಎಂದ. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲವೆಂದು ಮೈರನ್‌ಗೆ ಗೊತ್ತಾಯಿತು. ನಾಲ್ಕೇ ಪದ. ಮೇಜಿನ ಕೆಳಗೆ ಹುಡುಗನ ಕಾಲು ಇತ್ತು, ಉಣ್ಣೆಯ ಕಾಲುಚೀಲ ಹಾಕಿದ ಪಾದ, ತೋರಿಸಿಯೇ ಹೇಳಬಹುದಿತ್ತು. "ಮೊಣಕೈ ಒಂದ್ ಸ್ವಲ್ಪ ಮೇಲಿರ್ಲಿ, ಎಸೆಯೋವಾಗ," ಎಂದ. ಹುಡುಗ ಅಲ್ಲೇ ಕೂತು ಮೊಣಕೈ ಎತ್ತಿ, "ಹೀಗಾ?" ಎಂದು ಕೇಳಿದ. "ಇನ್ನೊಂಚೂರು." "ಹೀಗೆ?" "ಹಾಂ, ಹಾಗೆ." ಅದರಿಂದ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ಮುಂದಿನ ಪಂದ್ಯದಲ್ಲಿ ಹುಡುಗ ಮೊಣಕೈ ಎತ್ತಿಕೊಂಡೇ ಎಸೆದು, ಗೆದ್ದು, ಗೆರೆಯ ಕಡೆ ತಿರುಗಿ ಮೊಣಕೈ ತಟ್ಟಿ ತೋರಿಸಿ ನಕ್ಕ. ಮೈರನ್ ಹೆಬ್ಬೆರಳು ಎತ್ತಿದ. ಆ ಹೆಬ್ಬೆರಳನ್ನು ಕತ್ತರಿಸಿ ಎಸೆಯಬೇಕೆನಿಸಿತು.

ದಿನಾ ಬೆಳಿಗ್ಗೆ ಗಡ್ಡ ಕೆರೆಯುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದ. ಆದರೆ ತಡವಾದಷ್ಟೂ ಮಾತು ತೂಕವಾಗುತ್ತದೆ. ಆಗಸ್ಟಿನಲ್ಲಿ ಹೇಳಿದ್ದರೆ ಉಪಕಾರವಾಗುತ್ತಿತ್ತು, ಅಕ್ಟೋಬರಿನಲ್ಲಿ ಹೇಳಿದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆ. ಎದುರಾಳಿಗಳಿಗೆ ಇನ್ನೂ ಕಂಡಿಲ್ಲವಲ್ಲ, ಹಾಗಾದರೆ ಅದು ತಪ್ಪೇ ಅಲ್ಲವೇನೋ ಎಂದೂ ವಾದ ಹೂಡಿ ನೋಡಿದ. ಅಭ್ಯಾಸದಲ್ಲಿ ಡೆನಿಸ್ ಯಾರಿಗೋ, "ನಿನ್ನ ಕಾಲು ನೋಡ್ಕೊಳೋ!" ಎಂದು ಗದರಿಸಿದರೆ ಮೈರನ್ ಥಟ್ಟನೆ ತಿರುಗಿ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ. ನವೆಂಬರ್ ಮೊದಲ ವಾರ ಕ್ಯಾಲ್ಗರಿಯಲ್ಲಿ ನಡೆದ ಪಂದ್ಯದಲ್ಲಿ ಅದಾಯಿತು. ಮೂರನೇ ಭಾಗದಲ್ಲಿ ಕೆಂಟ್ ಚೆಂಡಿಗೆ ಕೈಯೊಡ್ಡಿ ನಿಂತಾಗ ಕ್ಯಾಲ್ಗರಿಯ ಕತ್ತಿಲ್ಲದ ದೈತ್ಯನೊಬ್ಬ ತನ್ನವರಿಗೆ, "ಎಸೆತ! ಎಸೆತ!" ಎಂದು ಕೂಗಿದ. ಎಸೆತವೇ ಆಗಿತ್ತು. ಹುಡುಗ ಬೆನ್ನು ಕೆಳಗಾಗಿ ಬಿದ್ದ. ಆ ಕ್ಷಣದಲ್ಲಿ ಮೈರನ್‌ನೊಳಗೆ ಎದ್ದದ್ದು ಗಾಬರಿಯಲ್ಲ, ಸಂತೋಷ. ಬಿಸಿ ಸಾರು ಗಂಟಲಿಗಿಳಿದಂಥ ನಿಚ್ಚಳ ಸಂತೋಷ. ಅದು ಮುಖಕ್ಕೆ ಬರುವ ಮುಂಚೆ ರಟ್ಟನ್ನು ಅಡ್ಡ ಹಿಡಿದ. ಆ ದಿನ ತಂಡ ಸೋತಿತು. ಬಸ್ಸಿನಲ್ಲಿ ಕೆಂಟ್ ಅವನ ಪಕ್ಕ ಕೂತು, "ಏನೋ ಅವರಿಗೆ ಮೊದಲೇ ಗೊತ್ತಾಗ್ತಿತ್ತು ಅನ್ಸತ್ತೆ ಪಾವ್ಲಿ," ಎಂದ. "ಅದೃಷ್ಟ ಕಣೋ, ಊಹೆ ಮಾಡ್ತಾರೆ," ಎಂದು ಮೈರನ್ ಕಿಟಕಿಯ ಕಡೆ ತಿರುಗಿದ. ಹೊರಗೆ ಮೈಲಿಗಟ್ಟಲೆ ಕಟಾವಾದ ಗೋಧಿ ಹೊಲ, ಮೇಲೆ ತೆಳ್ಳಗೆ ಹಿಮ. ಹನ್ನೊಂದು ದಿನಕ್ಕೆ ಸೆಮಿಫೈನಲ್, ಅದೂ ಅದೇ ಕ್ಯಾಲ್ಗರಿಯ ಎದುರು, ತಮ್ಮದೇ ಊರಿನಲ್ಲಿ. ಆ ಹನ್ನೊಂದು ದಿನವೂ ಅವನು ಬಾಯಿ ಬಿಡಲಿಲ್ಲ.

ಸೆಮಿಫೈನಲ್ ದಿನ ಮಧ್ಯಾಹ್ನ ಒಂದು ಗಂಟೆಗೆ ಉಷ್ಣತೆ ಶೂನ್ಯಕ್ಕಿಂತ ಹದಿನೆಂಟು ಡಿಗ್ರಿ ಕೆಳಗಿತ್ತು. ಮೈದಾನ ಕಲ್ಲಾಗಿತ್ತು. ಜನ ಕಂಬಳಿ ಸುತ್ತಿಕೊಂಡು, ಫ್ಲಾಸ್ಕುಗಳನ್ನು ಕೈಯಿಂದ ಕೈಗೆ ದಾಟಿಸುತ್ತ, ಕೆಂಟ್‌ನ ಹೆಸರನ್ನು ಹಾಡಿನಂತೆ ಕೂಗುತ್ತಿದ್ದರು. ಎರಡನೇ ಭಾಗದ ನಡುವೆ ಮೈರನ್ ತಲೆ ಮುಟ್ಟಿ ಎಡಕ್ಕೆ ಬೆರಳು ತೋರಿಸಿದ. ಕೆಂಟ್ ತಲೆಯಾಡಿಸಿ ಹೋಗಿ ನಿಂತ. ಹಿಮ್ಮಡಿ ಎದ್ದಿತು. ಕ್ಯಾಲ್ಗರಿಯವರು ಈ ಸಲ ಕೂಗಲೂ ಇಲ್ಲ, ಒಟ್ಟಿಗೇ ನುಗ್ಗಿದರು. ಒಬ್ಬರ ಮೇಲೊಬ್ಬರಾಗಿ ನಾಲ್ಕು ಜನ ಬಿದ್ದರು. ಅವರು ಎದ್ದ ಮೇಲೆ ಹುಡುಗ ಏಳಲಿಲ್ಲ. ಬಲಗಡೆಯ ಕೊರಳೆಲುಬು ಮುರಿದಿತ್ತು. ಅವನನ್ನು ನಡೆಸಿಕೊಂಡು ಬರುವಾಗ ಇಪ್ಪತ್ತು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೈಗವಸುಗಳೊಳಗಿನ ಮಂದವಾದ, ಬಲು ದೊಡ್ಡ ಸದ್ದು. ಇದನ್ನು ಮಾಡಿದ್ದು ನಾನು, ಎಂದು ಮೈರನ್ ಅಂದುಕೊಂಡ. ಅದರ ಬೆನ್ನಿಗೇ, ನನಗಾಗಿ ಇವರು ಯಾವತ್ತೂ ಎದ್ದು ನಿಂತಿಲ್ಲ, ಎಂದೂ ಅಂದುಕೊಂಡ. ಎರಡು ಯೋಚನೆಗಳೂ ಒಂದರ ಪಕ್ಕ ಒಂದು ಜಗಳವಿಲ್ಲದೆ ಕೂತವು. "ಏನ್ ನೋಡ್ತಿದೀಯೋ? ಹೆಲ್ಮೆಟ್ ಹಾಕ್ಕೋ!" ಎಂದು ಕೋಚ್ ಬೆನ್ನಿಗೆ ಗುದ್ದಿದಾಗಲೇ ಅವನಿಗೆ ಎಚ್ಚರವಾದದ್ದು.

ವಿರಾಮದ ಹೊತ್ತಿಗೆ ಅವನು ಆಡಿದ್ದು ನಾಲ್ಕೇ ಆಟ, ನಾಲ್ಕೂ ವ್ಯರ್ಥ. ಕೋಣೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತವನ ಎದುರು ಕೆಂಟ್ ಬಂದು ನಿಂತ. ಬಲಗೈಯನ್ನು ಎದೆಗೆ ಬಿಗಿದು ಕಟ್ಟಿದ್ದರು, ಮೇಲೆ ಯಾರದೋ ಕೋಟು. ಆಸ್ಪತ್ರೆಗೆ ಹೊರಡು ಎಂದ ಡಾಕ್ಟರಿಗೆ, ಪಂದ್ಯ ಮುಗಿಯಲಿ ಎಂದಿದ್ದನಂತೆ; ಸನ್ನೆ ಮಾಡುವವರು ಬೇಕಲ್ಲ, ಎಡಗೈ ಇದೆಯಲ್ಲ ಎಂದು ಕೋಚ್‌ನನ್ನೂ ಒಪ್ಪಿಸಿದ್ದ. ಮುಖ ಸುಣ್ಣದಷ್ಟು ಬಿಳಿಚಿತ್ತು. "ಪಾವ್ಲಿ, ಬೇಜಾರ್ ಮಾಡ್ಕೋಬೇಡಿ, ಒಂದ್ ಮಾತು. ಎಸೆಯೋದಿದ್ದಾಗ ನೀವು ಎಡತೋಳಿನ ಬಟ್ಟೆ ಒಂದ್ ಸಲ ಜಗ್ತೀರ. ಓಟಕ್ಕೆ ಜಗ್ಗಲ್ಲ. ನಾಲ್ಕರಲ್ಲಿ ಮೂರು ಸಲ ನೋಡ್ದೆ. ಅವರು ನೋಡೋಕ್ ಮುಂಚೆ ಬಿಟ್ಬಿಡಿ." ಮೈರನ್ ತನ್ನ ತೋಳಿನ ಅಂಚನ್ನು ನೋಡಿದ. ಬಟ್ಟೆ ಅಲ್ಲಿ ಜಗ್ಗಿ ಜಗ್ಗಿ ಸಡಿಲವಾಗಿತ್ತು. ಹತ್ತು ವರ್ಷದಲ್ಲಿ ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಹೇಳುವಷ್ಟು ಹೊತ್ತು ಯಾರೂ ಅವನನ್ನು ನೋಡಿಯೇ ಇರಲಿಲ್ಲ. ಈ ಹುಡುಗ ಮುರಿದ ಎಲುಬಿನ ನೋವಿನಲ್ಲಿ ನಾಲ್ಕು ಆಟ ನೋಡಿ ಹೇಳಿದ.

ಮೂರನೇ ಭಾಗದಿಂದ ಮೈರನ್ ಎಡಗೈಯನ್ನು ತೊಡೆಗೆ ಅಂಟಿಸಿಕೊಂಡು ಆಡಿದ. ಕ್ಯಾಲ್ಗರಿಯವರು ತಡವರಿಸತೊಡಗಿದರು. ಗೆರೆಯಾಚೆ ಮೂವರು ಕೈ ಕುಣಿಸುತ್ತಿದ್ದರು, ನಡುವೆ ಕೋಟು ಹೊದ್ದ ಕೆಂಟ್‌ನ ಒಂಟಿ ಎಡಗೈ. ಅದು ಹೇಳಿದ ಕಡೆ ಚೆಂಡು ಹೋಯಿತು, ಹೋದ ಕಡೆ ನಮ್ಮವರಿದ್ದರು. ಹದಿನೇಳು ಅಂಕ ಬಂದವು. ಕ್ಯಾಲ್ಗರಿ ಇಪ್ಪತ್ತೊಂದು. ಜನ ಮೊದಲು ಅನುಮಾನಿಸುತ್ತ, ಆಮೇಲೆ ಗಂಟಲು ಬಿಚ್ಚಿ, "ಪಾವ್‌-ಲಿಕ್! ಪಾವ್‌-ಲಿಕ್!" ಎಂದರು. ಆ ಎರಡು ತುಂಡು ಸದ್ದು ಹೆಲ್ಮೆಟ್ಟಿನೊಳಗೆ ಬಂದು ಗಡಗಡಿಸಿದಾಗ ಮೈರನ್‌ಗೆ ಇಡೀ ಲೋಕದ ಮೇಲೆ ಪ್ರೀತಿ ಉಕ್ಕಿತು. ಯಾರ ಮೇಲೂ ಹೊಟ್ಟೆಯುರಿ ಇಲ್ಲದ ಅಂಥ ಗಳಿಗೆಯನ್ನು ಅವನು ಮರೆತೇಬಿಟ್ಟಿದ್ದ. ಕೊನೆಯ ಮೂರು ನಿಮಿಷ ಬಾಕಿಯಿರುವಾಗ ಆಟ ನಿಲ್ಲಿಸುತ್ತಾರೆ. ಅವನು ಓಡುತ್ತ ಗೆರೆಗೆ ಬಂದ. ಕೆಂಟ್ ಒಂದು ಕೈಯಲ್ಲೇ ನೀರಿನ ಬಾಟಲಿ ಕೊಟ್ಟು, "ನೋಡಿದ್ರಾ? ಒಂದ್ ತೋಳು ಬಿಟ್ಟಿದ್ಕೆ ಎಷ್ಟ್ ವ್ಯತ್ಯಾಸ! ಸದ್ಯ, ನನಗೆ ಅಂಥದ್ದೇನೂ ಇಲ್ಲ. ಇದ್ದಿದ್ರೆ ನೀವು ಯಾವತ್ತೋ ಹೇಳಿರ್ತಿದ್ರಿ," ಎಂದ.

ಹೊಟ್ಟೆ ತುಂಬಿದವನ ಔದಾರ್ಯ ಎಂಥದ್ದು ನೋಡಿ. ಹನ್ನೊಂದು ವಾರ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು, ಜನ ತನ್ನ ಹೆಸರು ಕೂಗುತ್ತಿರುವಾಗ, ಎಷ್ಟು ಹಗುರಾಗಿ ಹೊರಬಂತು! "ಇದೆ ಕಣೋ. ನಿನ್ನ ಎಡಗಾಲಿನ ಹಿಮ್ಮಡಿ. ಎಸೆಯೋವಾಗ ಎತ್ತುತ್ತೀಯ." ಕೆಂಟ್ ಇನ್ನೂ ನಗುತ್ತಲೇ ಇದ್ದ. "ಇವತ್ತು ನೋಡಿದ್ರಾ?" ಇವತ್ತು ಎಂದುಬಿಡಬಹುದಿತ್ತು. ಕ್ಷಮೆ ಸಿಕ್ಕೇ ಸಿಗುತ್ತದೆಂಬ ಧೈರ್ಯದಲ್ಲಿ ಮೈರನ್, "ಆಗಸ್ಟಿಂದ ಗೊತ್ತು," ಎಂದ. ಹುಡುಗ ಬಗ್ಗಿ ತನ್ನ ಎಡಗಾಲನ್ನು ನೋಡಿಕೊಂಡ. ಬೂಟಿನ ಹಿಮ್ಮಡಿಯನ್ನು ಮೆಲ್ಲಗೆ ಎತ್ತಿ, ಇಳಿಸಿ, ಮತ್ತೆ ಎತ್ತಿ, ಕಟ್ಟಿದ ಬಲಗೈಯ ಮೇಲೆ ಎಡಗೈ ಇಟ್ಟುಕೊಂಡ. ತಲೆ ಎತ್ತಿದಾಗ ಮುಖದಲ್ಲಿ ಸಿಟ್ಟಿರಲಿಲ್ಲ. ಯಾರದೋ ಮನೆಗೆ ತಪ್ಪಿ ಬಂದವನ ಮುಖದ ಹಾಗಿತ್ತು. "ನಿಮ್ಮನೇಲಿ ಕೇಳಿದ್ನಲ್ಲ ಪಾವ್ಲಿ," ಎಂದ. ಅಷ್ಟರಲ್ಲಿ ಸೀಟಿ ಕೇಳಿತು. ಮೈರನ್ ಮೈದಾನಕ್ಕೆ ಓಡಿದ.

ಗೆಲ್ಲಲು ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಲೇಬೇಕು; ಅದಕ್ಕೆ ಎಪ್ಪತ್ತು ಗಜ ಹೋಗಬೇಕಿತ್ತು, ಹತ್ತತ್ತು ಗಜಕ್ಕೆ ಮೂರು ಅವಕಾಶ. ಕೆಂಟ್‌ನ ಕೈ ಏಳುತ್ತಿತ್ತು, ಎದೆಯನ್ನೋ ತಲೆಯನ್ನೋ ಮುಟ್ಟುತ್ತಿತ್ತು, ಇಳಿಯುತ್ತಿತ್ತು. ಕಣ್ಣು ಮಾತ್ರ ಮೈರನ್‌ನನ್ನು ನೋಡುತ್ತಿರಲಿಲ್ಲ, ಅವನ ತಲೆಯ ಮೇಲಿಂದ ಆಚೆ ಎಲ್ಲೋ ನೋಡುತ್ತಿತ್ತು. ಸನ್ನೆ ಸರಿಯಾಗಿಯೇ ಬಂತು, ಆಟ ಸರಿಯಾಗಿಯೇ ಆಯಿತು. ಎಂಟು ಗಜ, ಹದಿನೈದು ಗಜ, ಮತ್ತೆ ಒಂಬತ್ತು. ಪ್ರತಿ ಸಲ ಸರಿಯಾದಾಗಲೂ ಮೈರನ್‌ನ ಅನುಮಾನ ಇನ್ನಷ್ಟು ಬಲಿಯಿತು. ಕೂಡಿಟ್ಟುಕೊಳ್ಳುತ್ತಿದ್ದಾನೆ, ಎಂದುಕೊಂಡ. ನಂಬಿಸಿ ನಂಬಿಸಿ ಕೊನೆಯಲ್ಲಿ ಕೈ ಕೊಡುತ್ತಾನೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಕೊನೆಗೆ ಉಳಿದದ್ದು ಇಪ್ಪತ್ತೆರಡು ಸೆಕೆಂಡು, ಆರು ಗಜ, ಒಂದೇ ಅವಕಾಶ. ಗೆರೆಯ ಕಡೆ ತಿರುಗಿದ. ಮೂರು ಜನ, ಐದು ಕೈ. ಕೆಂಟ್‌ನ ಎಡಗೈ ತಲೆ ಮುಟ್ಟಿ, ಬಲಮೂಲೆಗೆ ಎರಡು ಬೆರಳು ತೋರಿಸಿತು. ಎಸೆತ, ಬಲಮೂಲೆಗೆ. ಆಗ ಹುಡುಗ ಮೊದಲ ಬಾರಿಗೆ ಮೈರನ್‌ನ ಕಣ್ಣಿಗೆ ಕಣ್ಣಿಟ್ಟು ನೋಡಿದ. ಆ ನೋಟದಲ್ಲಿ ಏನಿತ್ತೆಂದು ಮೈರನ್ ಹುಡುಕಿದ. ಕಾಮಾಲೆ ಕಣ್ಣಿಗೆ ಹಳದಿಯಲ್ಲದೆ ಇನ್ನೇನು ಕಾಣಬೇಕು? ಗುಂಪಾಗಿ ಬಗ್ಗಿ ನಿಂತ ಜೊತೆಗಾರರ ಕಡೆ ತಿರುಗಿ, "ಓಟ. ಮಧ್ಯಕ್ಕೆ," ಎಂದ.

ಮಧ್ಯದಲ್ಲಿ ಕ್ಯಾಲ್ಗರಿಯ ಇಡೀ ಗೋಡೆ ಇತ್ತು. ಚೆಂಡು ಹಿಡಿದು ನುಗ್ಗಿದವನು ಎರಡು ಗಜ ಹೋಗಿ ಎಲುಬುಗಳ ರಾಶಿಯೊಳಗೆ ಮಾಯವಾದ. ಮೈರನ್ ಹಿಂದೆ ನಿಂತು ಬಲಮೂಲೆಯನ್ನು ನೋಡಿದ. ಅಲ್ಲಿ ಯಾರೂ ಇರಲಿಲ್ಲ, ಎದುರಾಳಿಯ ಒಬ್ಬನೂ ಇರಲಿಲ್ಲ. ಎದುರಾಳಿಗಳ ಗಮನ ಸೆಳೆಯಲೆಂದು ಅತ್ತ ಓಡಿದ್ದ ನಮ್ಮವನೊಬ್ಬ ಮಾತ್ರ ಮನೆಯ ಅಂಗಳದಲ್ಲಿ ನಿಂತಂತೆ ಒಂಟಿಯಾಗಿ ನಿಂತು, ಎರಡೂ ಕೈಗಳನ್ನು ಅರ್ಧ ಎತ್ತಿಕೊಂಡಿದ್ದ. ಒಂದು ಕ್ಷಣದ ಮೇಲೆ ಅವನು ಆ ಕೈಗಳನ್ನು ಇಳಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಮಾರನೆಯ ದಿನ ಊರೆಲ್ಲ ಹೇಳಲಿತ್ತು. ಆಗ ಇಪ್ಪತ್ತು ಸಾವಿರ ಜನ ಕಂಬಳಿ ಮಡಚತೊಡಗಿದರು. ಜುಲೈನಲ್ಲಿ ಶುರುವಾದ ಋತು ಅಲ್ಲಿಗೆ ಮುಗಿಯಿತು.

ಕೋಚ್ ಹ್ಯಾಲೊರನ್ ಟೋಪಿಯನ್ನು ಹಿಮಕ್ಕೆ ಬಡಿದು, ಇಬ್ಬರನ್ನೂ ಗೆರೆಯ ಪಕ್ಕ ನಿಲ್ಲಿಸಿದ. ಸುತ್ತ ತಂಡದವರೆಲ್ಲ ಉಸಿರಿನ ಹೊಗೆ ಬಿಡುತ್ತ ನಿಂತಿದ್ದರು. "ನಾನು ಮೂಲೆಗೆ ಎಸೆತ ಅಂದೆ. ಮೂಲೆ ಖಾಲಿ ಬಿದ್ದಿತ್ತು. ಓಟ ಯಾರಪ್ಪ ಹೇಳಿದ್ದು?" ಮೈರನ್ ಬಾಯಿ ತೆರೆಯುವ ಮುಂಚೆ ಕೆಂಟ್, "ನಂದೇ ತಪ್ಪು ಕೋಚ್," ಎಂದ. "ಒಂದೇ ಕೈ, ಚಳಿ ಬೇರೆ. ತಲೆ ಮುಟ್ಟೋ ಬದಲು ಎದೆ ಮುಟ್ಬಿಟ್ಟೆ. ಪಾವ್ಲಿ ನಾನು ತೋರ್ಸಿದ್ದನ್ನೇ ಆಡಿದ್ರು." ಕೋಚ್‌ನ ಮುಖ ಅಲ್ಲೇ ಕರಗಿತು. ಹುಡುಗನ ಎಡಹೆಗಲ ಮೇಲೆ ಕೈಯಿಟ್ಟು, "ಎಲುಬು ಮುರ್ಕೊಂಡು ನಿಂತ್ಯಲ್ಲೋ, ಯಾರು ನಿಲ್ತಾರೆ ಹಾಗೆ?" ಎಂದ. ಡೆನಿಸ್ ಬಂದು ಅವನ ಕೂದಲು ಕೆದರಿ, "ಹೋಗ್ಲಿ ಬಿಡು ಮಗಾ, ಮುಂದಿನ ವರ್ಷ," ಎಂದ. ಒಬ್ಬೊಬ್ಬರಾಗಿ ಬಂದು ಅವನನ್ನು ಮುಟ್ಟಿ ಹೋದರು. ಸೋತದ್ದಕ್ಕೂ ಅವನನ್ನೇ ಪ್ರೀತಿಸುತ್ತಿದ್ದರು. ಮೈರನ್ ಅಲ್ಲೇ ಒಂದು ಗಜ ದೂರದಲ್ಲಿ, ಯಾರ ಕಣ್ಣಿಗೂ ಬೀಳದೆ, ನಿರಪರಾಧಿಯಾಗಿ ನಿಂತಿದ್ದ. ಸುಮ್ಮನಿದ್ದರೆ ಸಾಕಿತ್ತು, ಕೊನೆಯ ಪಂದ್ಯದಲ್ಲಿ ಚೆನ್ನಾಗಿ ಆಡಿದ ಹಳೆಯ ಆಟಗಾರನಾಗಿ ಮನೆಗೆ ಹೋಗಬಹುದಿತ್ತು, ಕೌಂಟರಿನ ಹಿಂದೆ ಮುದುಕನಾಗುವವರೆಗೂ ಆ ಹದಿನೇಳು ಅಂಕದ ಕತೆ ಹೇಳಬಹುದಿತ್ತು. ಆದರೆ ಹೊಟ್ಟೆಯ ತಳದಿಂದ ಆ ಹಳೆಯ ಬೆಂಕಿ, ಆಗಸ್ಟಿನದ್ದಕ್ಕಿಂತ ಹತ್ತು ಪಟ್ಟು ಬಿಸಿಯಾಗಿ, ಭುಗಿಲೆಂದು ಎದ್ದಿತು.

"ಸುಳ್ಳು!" ಎಂದು ಕಿರುಚಿದ. ಎಲ್ಲರೂ ತಿರುಗಿದರು. "ಅವನು ಸರಿಯಾಗೇ ತೋರ್ಸಿದ. ತಲೇನೇ ಮುಟ್ಟಿದ. ನಾನೇ ಬದಲಾಯಿಸ್ದೆ. ನಂಬ್ಲಿಲ್ಲ ನಾನು." ಕೋಚ್ ಬಹಳ ಹೊತ್ತು ಮೈರನ್‌ನನ್ನು ನೋಡಿದ, ಹತ್ತು ವರ್ಷದಲ್ಲಿ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು, ಆಮೇಲೆ ಟೋಪಿಯ ಹಿಮ ಕೊಡವಿಕೊಂಡು ಒಳಗೆ ನಡೆದ. ಉಳಿದವರೂ ಹೊರಟರು. ಕೆಂಟ್ ಜಾರುತ್ತಿದ್ದ ಕೋಟನ್ನು ಗಲ್ಲದಿಂದ ಒತ್ತಿ ಹಿಡಿದು ನಿಂತಿದ್ದ. "ಯಾಕ್ ಹೇಳಿದ್ರಿ?" ಎಂದ. "ತಪ್ಪನ್ನ ನಾನು ಹೊತ್ಕೊಂಡಿದ್ನಲ್ಲ." ಅವನ ದನಿಯಲ್ಲಿ ನಿಜವಾದ ಬೆರಗಿತ್ತು, ಇದು ಪ್ರಾಮಾಣಿಕತೆ ಎಂದು ಅವನು ತಿಳಿಯಲು ಹೊರಟಿದ್ದನೆಂದು ಮೈರನ್‌ಗೆ ಕಂಡಿತು, ಇನ್ನೊಂದು ಕ್ಷಣ ಬಿಟ್ಟರೆ ಕ್ಷಮಿಸಿಯೂ ಬಿಡುತ್ತಿದ್ದ.

"ಅದೊಂದನ್ನಾದ್ರೂ ನನಗೆ ಬಿಡೋ," ಎಂದ ಮೈರನ್.